ಮುತ್ತಾತನ ಕುಲುಮೆ ಲೆಕ್ಕದ ಪುಸ್ತಕ: ಈ ಗುರುತುಗಳನ್ನು ಯಾರಾದರೂ ಓದಿ ಹೇಳ್ತೀರಾ?

ಪ್ರಶ್ನೆ | ಅಟ್ಟದಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಹಿರಿಯರ ಊರು ಚಿಕ್ಕನಾಯಕನಹಳ್ಳಿ ಕಡೆಯ ಒಂದು ಸಣ್ಣ ಹಳ್ಳಿ. ಮುತ್ತಾತ ಆ ಊರಿನ ಕಮ್ಮಾರರು. ತಾತನ ಕಾಲಕ್ಕೇ ಕುಲುಮೆ ನಿಂತುಹೋಯಿತು. ಅಪ್ಪ ಬೆಂಗಳೂರಿಗೆ ಬಂದರು, ನಾನು ಇಲ್ಲೇ ಹುಟ್ಟಿದವಳು. ಕುಲುಮೆ ಅಂದರೆ ಹೇಗಿರುತ್ತದೆ ಅಂತಲೂ ನಾನು ಕಂಡಿಲ್ಲ.

ಹೋದ ತಿಂಗಳು ಊರಿನ ಹಳೇ ಮನೆ ಬಿಚ್ಚಿಸಿದರು. ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರೊಳಗೆ ಒಂದು ಇಕ್ಕುಳ, ಹಿಡಿ ಹೋದ ಎರಡು ಸುತ್ತಿಗೆ, ಬಟ್ಟೆಯಲ್ಲಿ ಸುತ್ತಿಟ್ಟ ಉದ್ದನೆಯ ಲೆಕ್ಕದ ಪುಸ್ತಕ. ಕಬ್ಬಿಣವನ್ನು ಗುಜರಿಗೆ ಹಾಕೋಣ ಅಂದರು. ನಾನು ಬಿಡಲಿಲ್ಲ. ಎಲ್ಲವನ್ನೂ ಕಾರಿಗೆ ಹಾಕಿಕೊಂಡು ಬಂದೆ.

ಪುಸ್ತಕದ ಪ್ರತಿ ಪುಟದ ತಲೆಯಲ್ಲಿ ಒಂದೊಂದು ಹೆಸರಿದೆ. ಯುವ, ಧಾತು, ಈಶ್ವರ, ಬಹುಧಾನ್ಯ. ಇವರೆಲ್ಲ ಯಾರೋ ಗೊತ್ತಿಲ್ಲ. ಕೆಳಗೆ ಜನರ ಹೆಸರಿನ ಬದಲು ಚಿತ್ರಗಳಿವೆ. ಎತ್ತಿನ ಕೊಂಬು, ತೆಂಗಿನಗರಿ, ತಕ್ಕಡಿ, ಮೂರು ಚುಕ್ಕಿ. ಒಂದು ಸೂರ್ಯನೂ ಇದೆ, ಗುಂಡಗೆ ಬರೆದು ಸುತ್ತ ಸಣ್ಣ ಸಣ್ಣ ಗೀಟು ಎಳೆದಿದ್ದಾರೆ. ಚಿತ್ರದ ಪಕ್ಕ "ಗು" ಅಂತ ಬರೆದು ನಿಂತ ಗೀಟು, ಕೆಲವರಿಗೆ ಒಂದು, ಕೆಲವರಿಗೆ ಮೂರು. ಆಮೇಲೆ "ಕೊ" ಅಂತ ಬರೆದು ಸಂಖ್ಯೆ. ಅಲ್ಲಲ್ಲಿ "ಹ 1–8–0". ಸೂರ್ಯನ ಮುಂದೆ ಮಾತ್ರ ಗು ಇಲ್ಲ, ಕೊ ಇಲ್ಲ. "ತೊ 1" ಅಂತಿದೆ, ಅದರ ಎದುರಿಗೆ "ರಂ 1". ಇನ್ನೊಂದು ಕಡೆ "ಸೈಕಲ್ಲು 0–2–0".

ಮುತ್ತಾತ ಎಷ್ಟು ಹೊತ್ತಿಗೆ ಏಳುತ್ತಿದ್ದರು, ಕಬ್ಬಿಣ ಎಲ್ಲಿಂದ ತರುತ್ತಿದ್ದರು, ಒಂದು ಕೆಲಸಕ್ಕೆ ಎಷ್ಟು ದುಡ್ಡು ತೆಗೆದುಕೊಳ್ಳುತ್ತಿದ್ದರು, ಇದನ್ನೆಲ್ಲ ತಿಳಿಯುವ ಆಸೆ. ಮನೆಯಲ್ಲಿ ಹೇಳುವವರು ಯಾರೂ ಉಳಿದಿಲ್ಲ.

ಉತ್ತರ 1 | ತಿದಿ ಎಳೆದವನು

ನನಗೀಗ 78 ವರ್ಷ. ತಿಪಟೂರು ಸೀಮೆಯವನು, ನಮ್ಮದೂ ಕುಲುಮೆ ಮನೆ. ಎಂಟು ವರ್ಷದವನಾಗಿದ್ದಾಗಿಂದ ನಮ್ಮ ತಾತನಿಗೆ ಬೆಂಕಿಗೆ ಗಾಳಿ ಊದುವ ತಿದಿ ಎಳೆದುಕೊಟ್ಟಿದ್ದೇನೆ. ನಿಮ್ಮ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಪುಟದ ತಲೆಯ ಹೆಸರುಗಳು. ಅವು ಮನುಷ್ಯರಲ್ಲ, ಸಂವತ್ಸರಗಳು. ಹಿಂದೆ ಊರಲ್ಲಿ ಇಸವಿ ಯಾರು ಹೇಳುತ್ತಿದ್ದರು? ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮತ್ತೆ ಬರುತ್ತದೆ. ಹಾಗಾಗಿ ನಿಮ್ಮ "ಧಾತು" 1876 ಇರಬಹುದು, 1936 ಕೂಡ ಇರಬಹುದು. ಸೈಕಲ್ಲು ಅಂತ ಬರೆದಿರುವುದರಿಂದ ಅದು 1936 ಅಂತ ಗ್ಯಾರಂಟಿ. 1876ರಲ್ಲಿ ನಮ್ಮ ಹಳ್ಳಿಗಳಿಗೆ ಸೈಕಲ್ಲು ಎಲ್ಲಿಂದ ಬರಬೇಕು? ಉಳಿದ ಹೆಸರುಗಳ ಲೆಕ್ಕವೂ ಕೂಡಿಬರುತ್ತದೆ. ಯುವ 1935, ಈಶ್ವರ 1937, ಬಹುಧಾನ್ಯ 1938. ಪ್ರತಿಯೊಂದೂ ಯುಗಾದಿಯಿಂದ ಯುಗಾದಿಗೆ.

ಹಿಂದಿನ ಧಾತು–ಈಶ್ವರದ ಮಾತು ಬಂದರೆ ನಮ್ಮ ತಾತ ದನಿ ತಗ್ಗಿಸುತ್ತಿದ್ದ. ಅದು ದೊಡ್ಡ ಬರ. ಅವನು ಆಗಿನ್ನೂ ಹುಟ್ಟಿರಲಿಲ್ಲ, ಅವನ ಅಪ್ಪ ಕಂಡವರು. ಎತ್ತೆಲ್ಲ ಸತ್ತವಂತೆ. ಎತ್ತು ಸತ್ತ ಮೇಲೆ ನೇಗಿಲ ಗುಳ ತಟ್ಟಿಸುವವರು ಯಾರು? ಕುಲುಮೆಗೆ ಬೀಗ ಬಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕಿಂತ ಜಾಸ್ತಿ ಜನ ಇದ್ದರು. 1881ಕ್ಕೆ 42 ಲಕ್ಷವೂ ಇರಲಿಲ್ಲ. ನಮ್ಮ ತಾತನ ಅಪ್ಪ ಬರದ ಕಾಮಗಾರಿಗೆ ಹೋಗಿ ಕಲ್ಲು ಒಡೆಯುವವರ ಹಾರೆ, ಪಿಕಾಸಿ ಚೂಪು ಮಾಡಿಕೊಟ್ಟು ಬದುಕಿದರಂತೆ. ಅವರ ಕೈಗೆ ದಿನಗೂಲಿಯ ನಾಣ್ಯ ಬಿದ್ದದ್ದು ಆಗಲೇ ಮೊದಲು.

ಇನ್ನು ನಿಮ್ಮ "ಗು". ಅದು ಗುಳ, ನೇಗಿಲ ಮೂತಿಯ ಕಬ್ಬಿಣ. ನಿಂತ ಗೀಟುಗಳು ಆ ಮನೆಯಲ್ಲಿ ಎಷ್ಟು ನೇಗಿಲಿದ್ದವು ಅನ್ನುವ ಲೆಕ್ಕ. "ಕೊ" ಅಂದರೆ ಕೊಳಗ, ಕಾಳು ಅಳೆಯುವ ಅಳತೆ. 20 ಕೊಳಗಕ್ಕೆ ಒಂದು ಖಂಡುಗ. ನಿಮ್ಮ ಮುತ್ತಾತ ಒಂದು ಕೆಲಸಕ್ಕೆ ಎಷ್ಟು ತೆಗೆದುಕೊಂಡರು ಅಂತ ಕೇಳಿದಿರಲ್ಲ, ಆ ಲೆಕ್ಕವೇ ಇರಲಿಲ್ಲ ತಾಯಿ. ಅವರು ಊರಿನ ಆಯಗಾರರು. ಬಡಗಿ, ಕುಂಬಾರ, ಅಗಸ, ನಾಯಿಂದ, ತಳವಾರ, ನೀರುಗಂಟಿ, ಹೀಗೆ ಹನ್ನೆರಡು ಮಂದಿ ಆಯಗಾರರಲ್ಲಿ ಕಮ್ಮಾರನೂ ಒಬ್ಬ. ವರ್ಷವಿಡೀ ಯಾವಾಗ ಬಂದರೂ ಗುಳ ತಟ್ಟಿಕೊಡಬೇಕು. ಕುಡುಗೋಲಿಗೆ ಕಕ್ಕು (ಹಲ್ಲು) ಹಾಕಿಕೊಡಬೇಕು, ಗುದ್ದಲಿ ಮೊಂಡಾದರೆ ಸರಿ ಮಾಡಬೇಕು. ದುಡ್ಡು ಕೇಳುವ ಹಾಗಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಒಂದು ನೇಗಿಲಿಗೆ ಇಷ್ಟು ಕೊಳಗ ರಾಗಿ, ಜೊತೆಗೆ ಒಂದು ಹೊರೆ ಹುಲ್ಲು. ಅದೇ ಆಯ.

"ಹ" ಮಾತ್ರ ಬೇರೆ. ಅದು ಗಾಡಿ ಗಾಲಿಗೆ ತೊಡಿಸುವ ಕಬ್ಬಿಣದ ಹಳಿ ಅಂತ ನನ್ನ ಎಣಿಕೆ. ಅದು ಆಯಕ್ಕೆ ಸೇರುತ್ತಿರಲಿಲ್ಲ, ಅದಕ್ಕೆ ರೊಕ್ಕ. 1–8–0 ಅಂದರೆ ಒಂದು ರೂಪಾಯಿ ಎಂಟಾಣೆ. ಕೊನೆಯ ಸೊನ್ನೆ ಕಾಸಿನದು. 12 ಕಾಸಿಗೆ ಒಂದಾಣೆ, 16 ಆಣೆಗೆ ರೂಪಾಯಿ. ಸೈಕಲ್ಲಿಗೆ ಎರಡಾಣೆ ತೆಗೆದುಕೊಂಡಿದ್ದಾರೆ. ಮೇಷ್ಟರೋ ಪೋಸ್ಟಿನವರೋ ತಂದಿರಬೇಕು.

ಹಳಿ ಕಟ್ಟುವ ದಿನ ಊರಿಗೇ ಹಬ್ಬ. ಬಡಗಿ ನಡುವಿನ ಗುಂಬ, ಸುತ್ತಿನ ಆರೆಕಾಲು ಎಲ್ಲ ಜೋಡಿಸಿ ಗಾಲಿ ತಂದು ಮಲಗಿಸುತ್ತಿದ್ದ. ನಮ್ಮ ತಾತ ದಾರ ಹಿಡಿದು ಗಾಲಿಯ ಸುತ್ತಳತೆ ನೋಡಿ, ಅದಕ್ಕಿಂತ ಒಂದೆರಡು ಬೆರಳು ಕಮ್ಮಿ ಇರುವ ಹಾಗೆ ಕಬ್ಬಿಣದ ಪಟ್ಟಿಯನ್ನು ಬಳೆ ಮಾಡಿ ಬೆಸೆಯುತ್ತಿದ್ದ. ಆ ಬಳೆಯ ಮೇಲೆ ಕೆಳಗೆ ಬೆರಣಿ ಒಟ್ಟಿ ಬೆಂಕಿ. ಕೆಂಪಗೆ ಕಾದು ಹಿಗ್ಗಿದ ಬಳೆಯನ್ನು ನಾಲ್ಕು ಜನ ಇಕ್ಕುಳದಲ್ಲಿ ಎತ್ತಿ ಗಾಲಿಗೆ ತೊಡಿಸುವುದು. ಮರ ಹೊತ್ತಿಕೊಳ್ಳುವ ಮುಂಚೆ ಹೆಂಗಸರು ಮಕ್ಕಳೆಲ್ಲ ಕೊಡದಿಂದ ನೀರು ಸುರಿಯಬೇಕು. ಕಬ್ಬಿಣ ಕುಗ್ಗುವಾಗ ಗಾಲಿ ಕಿರ್ರ್ ಅಂತ ಕೂಗುತ್ತಿತ್ತು. ಕೂಗದಿದ್ದರೆ ಹಳಿ ಸಡಿಲ ಅಂತ ಅರ್ಥ. ತಾತ ಕಿವಿ ಹತ್ತಿರ ತಂದು ಕೇಳುತ್ತಿದ್ದ. ವಯಸ್ಸಾದ ಮೇಲೆ ಅವನಿಗೆ ಕಿವಿ ಮಂದ. ಆಗ ನನ್ನನ್ನು ಕೇಳುತ್ತಿದ್ದ, "ಕೂಗ್ತೇನೋ ಮಗಾ?" ಅಂತ.

ದಿನ ಹೇಗಿತ್ತು ಅಂದರೆ, ಕೋಳಿ ಕೂಗುವ ಹೊತ್ತಿಗೆ ಎದ್ದು ಬೂದಿ ತೆಗೆದು, ಕಬ್ಬಿಣ ಇಟ್ಟು ತಟ್ಟುವ ಅಡಿಗಲ್ಲಿಗೆ ಕುಂಕುಮ ಇಟ್ಟು, ರಾಗಿ ಅಂಬಲಿ ಕುಡಿದು ಕೂರುವುದು. ಕುಲುಮೆಯನ್ನು ಬೇಕಂತಲೇ ಕತ್ತಲೆ ಇಡುತ್ತಿದ್ದರು. ಬಿಸಿಲಲ್ಲಿ ಕಾದ ಕಬ್ಬಿಣದ ಬಣ್ಣ ತಿಳಿಯುವುದಿಲ್ಲ. ಬಣ್ಣ ತಿಳಿಯದಿದ್ದರೆ ಹದ ತಿಳಿಯುವುದಿಲ್ಲ. ಮಚ್ಚಿನ ಬಾಯಿಯನ್ನು ಕಲ್ಲುಬಾನಿಯ ನೀರಿಗೆ ಅದ್ದಿ ತೆಗೆದರೆ ಅದರ ಮೇಲೆ ಬಣ್ಣ ಓಡುತ್ತದೆ, ಮೊದಲು ಜೇನಿನ ಬಣ್ಣ, ಆಮೇಲೆ ನೀಲಿ. ಜೇನು ಬಂದಾಗ ಮತ್ತೆ ಅದ್ದಿಬಿಡಬೇಕು. ನೀಲಿಗೆ ಬಿಟ್ಟರೆ ಬಾಯಿ ಮೆತ್ತಗೆ. ಅದನ್ನು ಯಾರೂ ಬಾಯಲ್ಲಿ ಹೇಳಿಕೊಡಲಿಲ್ಲ. ತಿದಿ ಎಳೆಯುತ್ತಾ ನೋಡಿ ಕಲಿತೆ.

ಚಮ್ಮಟಿಗೆ, ಅಂದರೆ ದೊಡ್ಡ ಸುತ್ತಿಗೆ, ಹೊಡೆಯುವುದು ಗುಳ ತಂದ ರೈತನ ಕೆಲಸ. ತಾತ ಚಿಕ್ಕ ಸುತ್ತಿಗೆಯಲ್ಲಿ ಎಲ್ಲಿ ಮುಟ್ಟುತ್ತಾನೋ ಅಲ್ಲಿಗೇ ಅವನು ಏಟು ಹಾಕಬೇಕು. ಸುತ್ತಿಗೆಯನ್ನು ಅಡಿಗಲ್ಲಿನ ಮೇಲೆ ಟಣ್ ಅನ್ನಿಸಿದರೆ ನಿಲ್ಲಿಸು ಅಂತ. ಮಾತೇ ಇಲ್ಲ. ಜಾಲಿ ಇದ್ದಿಲನ್ನೂ ರೈತರೇ ತರುತ್ತಿದ್ದರು. ಸೋಮವಾರ ಬಸವನ ದಿನ, ಎತ್ತು ಹೂಡುವಂತಿಲ್ಲ. ಹಾಗಾಗಿ ಸೋಮವಾರ ಕುಲುಮೆ ಮುಂದೆ ಸಂತೆ. ಮುಂಗಾರಿನ ಮುಂಚೆ ಅಂತೂ ಊಟಕ್ಕೆ ಏಳಲು ಬಿಡುತ್ತಿರಲಿಲ್ಲ. ನಮ್ಮಜ್ಜಿ ಮುದ್ದೆಯನ್ನು ಅಲ್ಲಿಗೇ ತರುತ್ತಿದ್ದಳು. ತಾತ ಉಣ್ಣುವಷ್ಟು ಹೊತ್ತು ಅಜ್ಜಿಯೇ ತಿದಿ ಎಳೆಯುತ್ತಿದ್ದಳು. ಬೆಂಕಿ ಆರುವ ಹಾಗಿಲ್ಲವಲ್ಲ. ಅಜ್ಜಿಯ ಆ ಕೆಲಸ ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಸೂರ್ಯನ ಗುರುತು ಜೋಯಿಸರ ಮನೆ ಇರಬಹುದು. ಪಂಚಾಂಗ ಹೇಳುವವರು, ನೇಗಿಲಿಲ್ಲ. "ತೊ" ತೊಗರಿ ಇರಬೇಕು. "ರಂ" ನನಗೆ ಹೊಳೆಯಲಿಲ್ಲ.

ಉತ್ತರ 2 | ಹಳೇಕಡತ

ಕಬ್ಬಿಣ ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ನಿಮ್ಮ ಊರಿನ ಸುತ್ತಲೇ ಬರುತ್ತಿತ್ತು! ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿಯವರು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆ ನೋಡಿ ಬರೆಯಲು ಕಳಿಸಿದರು. ಅವನು ಚಿಕ್ಕನಾಯಕನಹಳ್ಳಿ ಕಡೆ ಬೆಟ್ಟದ ಅದಿರು ಕರಗಿಸುವುದನ್ನು ಕಂಡು ಬರೆದಿದ್ದಾನೆ. ಮಾಗಡಿ ಕಡೆ ಮಳೆ ನೀರಿನಲ್ಲಿ ಹರಿದು ಬಂದ ಕರಿ ಮರಳನ್ನು ತೊಳೆದು ಮಣ್ಣಿನ ಕುಲುಮೆಯಲ್ಲಿ ಕರಗಿಸುತ್ತಿದ್ದರು. ಉಕ್ಕು ಬೇಕಾದರೆ ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿಯ ಜೊತೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸುವುದು. ಚನ್ನಪಟ್ಟಣದಲ್ಲಿ ವೀಣೆ, ತಂಬೂರಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರು. ಅದಕ್ಕೆ ದೂರ ದೂರದ ಊರುಗಳಲ್ಲೂ ಬೇಡಿಕೆ ಇತ್ತು.

ನಿಮ್ಮ ಮುತ್ತಾತನ ಕಾಲಕ್ಕೆ ಅದೆಲ್ಲ ಮುಗಿದಿತ್ತು. 1864ರಲ್ಲಿ ಮೈಸೂರಲ್ಲಿ ಅರಣ್ಯ ಇಲಾಖೆ ಶುರುವಾಯಿತು. ಇದ್ದಿಲು ಸುಡಲು ಕಾಡು ಮೊದಲಿನ ಹಾಗೆ ಸಿಗಲಿಲ್ಲ. ಅದೇ ವರ್ಷ ಬೆಂಗಳೂರಿಗೆ ರೈಲು ಬಂತು, 1889ಕ್ಕೆ ಹರಿಹರದವರೆಗೂ ಹೋಯಿತು. ಆ ರೈಲಿನಲ್ಲಿ ಇಂಗ್ಲೆಂಡಿನ ಕಬ್ಬಿಣದ ಪಟ್ಟಿ ಅಗ್ಗಕ್ಕೆ ಬಂದಿಳಿಯಿತು. ಕಬ್ಬಿಣ ಕರಗಿಸುವವರ ಬಾಳು ಹೋಯಿತು. ಕಾಯಿಸಿ ತಟ್ಟುವ ಕಮ್ಮಾರ ಮಾತ್ರ ಉಳಿದ. ಈ ಎರಡು ಕೆಲಸ ಬೇರೆ ಬೇರೆ ಅನ್ನುವುದು ಎಷ್ಟೋ ಜನಕ್ಕೆ ಮರೆತೇಹೋಗಿದೆ. 1923ರಲ್ಲಿ ಭದ್ರಾವತಿ ಕಾರ್ಖಾನೆಯಲ್ಲಿ ಕಬ್ಬಿಣ ತಯಾರಾಗತೊಡಗಿತು, ಅದೂ ಇದ್ದಿಲಿನಿಂದಲೇ.

ಉತ್ತರ 3 | ಎರೆಹೊಲ

ನಮ್ಮದು ನವಲಗುಂದ ಕಡೆ, ಆಗಿನ ಮುಂಬೈ ಪ್ರಾಂತ. ಹನ್ನೆರಡು ಆಯಗಾರರಿಗೆ ನಮ್ಮ ಕಡೆ ಬಾರಾ ಬಲೂತಿ ಅಂತಲೂ ಅನ್ನುತ್ತಿದ್ದರು. ನಮ್ಮ ಎರೆ ಭೂಮಿಯಲ್ಲಿ ಪ್ರತಿ ವರ್ಷ ನೇಗಿಲು ಹೂಡುವುದಿಲ್ಲ, ಕುಂಟೆಯದೇ ಜಾಸ್ತಿ. ಹಾಗಾಗಿ ಕಮ್ಮಾರರ ಮನೆ ಮುಂದೆ ಕುಂಟೆಯ ಕುಡಗಳ (ಕಬ್ಬಿಣದ ಅಲಗುಗಳ) ಸಾಲು. "ಕುಡ ಹಣಿಸಿಕೊಂಡು ಬಾ" ಅಂತ ಅಪ್ಪ ಕಳಿಸುತ್ತಿದ್ದ. ಯಾರ ಕುಡ ಮೊದಲು ನೆಲಕ್ಕೆ ಬಿತ್ತೋ ಅವರದೇ ಪಾಳಿ. ಅದರಲ್ಲಿ ದೊಡ್ಡ ಮನೆ ಸಣ್ಣ ಮನೆ ಇಲ್ಲ ಅಂತ ಹೇಳುತ್ತಿದ್ದರು. ಆದರೆ ದೊಡ್ಡ ಮನೆಯವರ ಕುಡ ಹಿಂದೆ ಬಂದರೂ ಮುಂದೆ ಸರಿದದ್ದನ್ನು ನಾನೇ ಕಂಡಿದ್ದೇನೆ.

ಅಟ್ಟದಪೆಟ್ಟಿಗೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ತಿದಿ ಎಳೆದವರೇ, ನಿಮ್ಮ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಒಂದು ಕೇಳಲಾ? ಹತ್ತಿಪ್ಪತ್ತು ಕೊಳಗ ರಾಗಿಗೆ ವರ್ಷವೆಲ್ಲ ದುಡಿಸಿಕೊಂಡಿದ್ದು ಅನ್ಯಾಯ ಅಲ್ವಾ?

ತಿದಿ ಎಳೆದವನು

ನಾನೂ ವಯಸ್ಸಿನಲ್ಲಿ ಹಾಗೇ ಅಂದುಕೊಂಡಿದ್ದೆ. ಆಯ ಬೇಡ, ದುಡ್ಡು ತಗೋ ಅಂತ ತಾತನ ಜೊತೆ ಜಗಳ ಆಡಿದ್ದೆ. ಒಳ್ಳೇ ಮಳೆಯಾದ ವರ್ಷ ಕಾಳು ತುಂಬಿಡುವ ನಮ್ಮ ಹಗೇವು ತುಂಬುತ್ತಿತ್ತು. ತುಂಡು ಭೂಮಿ ಇಲ್ಲದ ನಾವು ವರ್ಷವಿಡೀ ರಾಗಿ ಉಂಡಿದ್ದೇವೆ. ಮಳೆ ಹೋದ ವರ್ಷ ಕೊಡುವವರಿಗೇ ಇರುತ್ತಿರಲಿಲ್ಲ. ಆದರೂ ಗುಳ ತಟ್ಟಬೇಕು. ನನಗೆ ನೋವಾಗುತ್ತಿದ್ದದ್ದು ರಾಗಿ ಕಮ್ಮಿ ಬಂತು ಅಂತಲ್ಲ. ಕಣದಲ್ಲಿ ಕಾಯುವುದು. ಊರಿನ ಒಂದು ದೊಡ್ಡ ಮನೆಯವರು ರಾಶಿ ಪೂಜೆ ಆದ ಮೇಲೂ ತಾತನನ್ನು ಕತ್ತಲಾಗುವವರೆಗೆ ಕೂರಿಸುತ್ತಿದ್ದರು. ಗೋಣಿಚೀಲ ಮಡಿಸಿಕೊಂಡು ಕಣದ ಅಂಚಿನಲ್ಲಿ ಕೂತಿರುತ್ತಿದ್ದ. ಕೆಂಪು ಕಬ್ಬಿಣಕ್ಕೆ ಹೆದರದ ಮನುಷ್ಯ ಅಲ್ಲಿ ತಲೆ ಎತ್ತುತ್ತಿರಲಿಲ್ಲ. ಊರು ಬಿಟ್ಟು ಹೋಗೋಣ ಅಂದರೆ ಬೇರೆ ಊರಿಗೆ ಅದರದೇ ಕಮ್ಮಾರ ಇರುತ್ತಾನೆ. ನಾನು ಐಟಿಐ ಓದಿ ಕಾರ್ಖಾನೆ ಸೇರಿದ್ದು ಆ ಕಣದ ಅಂಚು ಬೇಡ ಅಂತಲೇ.

ಉತ್ತರ 4 | ಹದಹಾಕಿದ ತೊಗಲು

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಈಗ ಬರೆಯಲೇಬೇಕು ಅನಿಸಿತು. "ತೊ" ತೊಗರಿ ಅಲ್ಲ. ತೊಗಲು. "ರಂ" ರಂಪಿಗೆ.

ನಾವು ಮಾದಿಗರು. ನಮ್ಮ ತಾತ ಊರಿಗೆಲ್ಲ ಮಚ್ಚೆ, ಅಂದರೆ ಚಪ್ಪಲಿ, ಹೊಲಿಯುತ್ತಿದ್ದರು. ಬಾವಿಯಿಂದ ನೀರೆತ್ತುವ ಕಪಿಲೆ ಬಾನಿಗೆ ತೊಗಲು ಹೊಲಿಯುತ್ತಿದ್ದರು. ಕಮ್ಮಾರರ ತಿದಿಯ ತೊಗಲೂ ನಮ್ಮ ಮನೆಯಿಂದಲೇ ಹೋಗುತ್ತಿತ್ತು. ತಂಗಡಿ ಚಕ್ಕೆಯ ನೀರಿನಲ್ಲಿ ನೆನೆಸಿ ಹದ ಮಾಡಿದ್ದು. ಬೆಂಕಿ ಹತ್ತಿರ ಇರುವುದಲ್ಲ, ಬೇಗ ಒಣಗಿ ಬಿರುಕು ಬಿಡುತ್ತದೆ, ಎಣ್ಣೆ ಕುಡಿಸುತ್ತಾ ಇರಬೇಕು. ಬದಲಿಗೆ ಕಮ್ಮಾರರು ತೊಗಲು ಕೊಯ್ಯುವ ರಂಪಿಗೆ ಮಾಡಿಕೊಡುತ್ತಿದ್ದರು. ದುಡ್ಡಿಲ್ಲ, ಕಾಳಿಲ್ಲ. ತೊಗಲಿಗೆ ರಂಪಿಗೆ. ನಿಮ್ಮ ಪುಸ್ತಕದಲ್ಲಿ ಆ ಗುರುತಿನ ಮುಂದೆ ಕೊ ಇಲ್ಲದಿರುವುದು ಅದಕ್ಕೇ.

ನಮ್ಮ ತಾತ ಕುಲುಮೆಯ ಒಳಗೆ ಕಾಲಿಟ್ಟವರಲ್ಲ. ತೊಗಲನ್ನು ಹೊರಗೆ ಇಡುತ್ತಿದ್ದರು. ರಂಪಿಗೆಯನ್ನು ಕಮ್ಮಾರರು ನೆಲದ ಮೇಲೆ ಹಾಕುತ್ತಿದ್ದರು, ತಾತ ಎತ್ತಿಕೊಳ್ಳುತ್ತಿದ್ದರು. ತೊಗಲು ಒಳಗೆ ಹೋಗಿ ಬೆಂಕಿಗೆ ಉಸಿರು ಊದುತ್ತಿತ್ತು. ಅದನ್ನು ಹದ ಮಾಡಿದ ಕೈ ಹೊರಗೆ ನಿಲ್ಲಬೇಕಿತ್ತು. ಯಾರನ್ನೂ ಬೈಯಲು ಬರೆಯುತ್ತಿಲ್ಲ. ಪುಸ್ತಕ ಓದುವುದಾದರೆ ಇದನ್ನೂ ಸೇರಿಸಿ ಓದಿ ಅಂತ ಕೇಳುತ್ತಿದ್ದೇನೆ.

ತಿದಿ ಎಳೆದವನು

ನೀವು ಹೇಳಿದ್ದು ನಿಜ ಅಪ್ಪಾ. ನಾನು ಅಷ್ಟು ವರ್ಷ ಕೈಯಲ್ಲಿ ಹಿಡಿದು ಎಳೆದ ತಿದಿ, ಅದರ ತೊಗಲು ಯಾರದು ಅಂತ ನಿನ್ನೆಯವರೆಗೂ ಯೋಚಿಸಲಿಲ್ಲ. ನಮ್ಮ ಕುಲುಮೆಯ ಬಾಗಿಲಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ಅದರ ಮೇಲೆ ಏನಾದರೂ ಇಟ್ಟಿದ್ದರೆ "ತಂದಿಟ್ಟು ಹೋಗವ್ರೆ" ಅನ್ನುತ್ತಿದ್ದ ತಾತ. ಯಾರು ಅಂತ ನಾನು ಕೇಳಲಿಲ್ಲ. ಆ ಕಲ್ಲು ಯಾಕಿತ್ತು ಅಂತ ಈಗ ಗೊತ್ತಾಯಿತು. ತೊಗರಿ ಅಂತ ಬರೆದದ್ದಕ್ಕೆ ಕ್ಷಮಿಸಿ.

ಅಟ್ಟದಪೆಟ್ಟಿಗೆ

ಇವತ್ತು ಬೆಳಿಗ್ಗೆ ಎಲ್ಲ ಪುಟಗಳನ್ನೂ ಮತ್ತೆ ನೋಡಿದೆ. "ತೊ" ಬಂದಿರುವುದು ನಾಲ್ಕು ಕಡೆ. ನಾಲ್ಕೂ ಕಡೆ ಅದೇ ಸೂರ್ಯ. ಭೂತಗನ್ನಡಿ ಹಿಡಿದು ನೋಡಿದರೆ ಆ ಸಣ್ಣ ಗೀಟುಗಳು ಗುಂಡಿನ ಹೊರಕ್ಕೆ ಚಾಚಿಲ್ಲ, ಅಂಚಿನ ಮೇಲೇ ಇವೆ, ಹೊಲಿಗೆ ಹಾಕಿದ ಹಾಗೆ. ಅದು ಸೂರ್ಯ ಅಲ್ಲ, ತಮಟೆ.

ಕೊನೆಯ ತಮಟೆ ಬಹುಧಾನ್ಯದ ಪುಟದಲ್ಲಿದೆ. ಅಲ್ಲಿ "ತೊ 2" ಅಂತಿದೆ. ಎದುರಿಗೆ "ರಂ 1" ಅಷ್ಟೇ. ಪಕ್ಕದಲ್ಲಿ "ಬಾಕಿ" ಅಂತ ಬರೆದು ಕೆಳಗೆ ಗೀಟು ಎಳೆದಿದ್ದಾರೆ. ಮುಂದಿನ ಪುಟಗಳು ಖಾಲಿ.

ಅಪ್ಪನಿಗೆ ತೋರಿಸಿದೆ. ಭಾನುವಾರ ಇಬ್ಬರೂ ಊರಿಗೆ ಹೋಗುತ್ತಿದ್ದೇವೆ. ತಮಟೆ ಗುರುತಿನ ಆ ಮನೆಯವರು ಈಗಲೂ ಊರಲ್ಲೇ ಇದ್ದಾರಂತೆ. ಪುಸ್ತಕ ತೆಗೆದುಕೊಂಡು ಹೋಗುತ್ತೇವೆ.